ಸೂಜಿ ಹಾಕಿಸಲು ಮನೆಮಂದಿಯೆಲ್ಲ ನಂಜನಗೂಡಿಗೆ

ಧನುರ್ಮಾಸದ ಒಂದು ಗುರುವಾರ ಬೆಳಿಗ್ಗೆ ನಾವು ಮನೆಮಂದಿಯೆಲ್ಲ ಸೋಸಲೆಯಿಂದ ಹೊರಟೆವು. ಅವ್ವ, ನನ್ನ ಹೆಂಡತಿ ಮಂಜುಳ, ಇಬ್ಬರು ಹೆಣ್ಣುಮಕ್ಕಳು, ನಾನು. ಬಸ್ಸು ಬಂದದ್ದು ಮೊದಲು ಕಾಣಲಿಲ್ಲ, ಕೇಳಿಸಿತು. ಆಮೇಲೆ ಎರಡು ಹಳದಿ ದೀಪಗಳು ಮಂಜಿನೊಳಗಿಂದ ಮೆಲ್ಲಗೆ ತೇಲಿ ಬಂದವು. ಊರಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ ನನ್ನದು. ಆ ಮಂಜು ನನ್ನ ಕಣ್ಣಿಗೆ ಯಾರೋ ಊರ ಮೇಲೆಲ್ಲ ಹಾಲು ಚೆಲ್ಲಿದ ಹಾಗಿತ್ತು.

ಹೊರಟ ಕಾರಣ ಹೇಳಿಬಿಡುತ್ತೇನೆ. ದೀಪಾವಳಿ ಸುಮಾರಿಗೆ ನೆಂಟರೊಬ್ಬರ ಆಪರೇಷನ್ನಿಗೆಂದು ಮೈಸೂರಿಗೆ ಹೋಗಿ ರಕ್ತ ಕೊಟ್ಟಿದ್ದೆ. ನಾಲ್ಕಾರು ದಿನ ಬಿಟ್ಟು ಕರೆಸಿ, ನಿಮ್ಮ ರಕ್ತ ಬಳಸುವ ಹಾಗಿಲ್ಲ ಎಂದರು. ಹೆಪಟೈಟಿಸ್ ಬಿ ಅಂತೆ, ಕಾಮಾಲೆ ತರುವ ಸೋಂಕು. ನನಗೋ ಒಂದು ದಿನ ಜ್ವರ ಬಂದು ಮಲಗಿದ ನೆನಪಿಲ್ಲ. ಇದು ರಕ್ತದಿಂದ ಹರಡುತ್ತದೆ, ಗಂಡ ಹೆಂಡಿರ ಸಂಬಂಧದಿಂದಲೂ ಹರಡುತ್ತದೆ, ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದು ಅದನ್ನು ಹಾಗೇ ಹೇಳಿದೆ. ಸಂಬಂಧ ಎಂಬ ಒಂದು ಮಾತು ಮಂಜುಳನ ಎದೆಯಲ್ಲಿ ಕೂತುಬಿಟ್ಟಿತು. ಮದುವೆಗೆ ಮುಂಚೆ ನಾನು ಮೈಸೂರಿನ ಲಾರಿ ಆಫೀಸೊಂದರಲ್ಲಿ ಕೆಲಸಕ್ಕಿದ್ದವನು, ಅಲ್ಲಿ ಯಾರ ಸಹವಾಸವಿತ್ತೋ ಎಂಬ ಗುಮಾನಿ ಅವಳಿಗೆ. ಅವಳು ಏನೂ ಕೇಳಲಿಲ್ಲ. ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ಕೇಳದೆ ಇದ್ದ ಮೇಲೆ ಏನಂತ ಹೇಳಲಿ?

ಮೈಸೂರಿನ ನರ್ಸಿಂಗ್ ಹೋಮಿನಲ್ಲಿ ಇಷ್ಟು ಜನಕ್ಕೆ ಲಸಿಕೆ ಹಾಕಿಸುವುದೆಂದರೆ ಹಟ್ಟಿಯಲ್ಲಿದ್ದ ಹಸು ಮಾರಬೇಕಿತ್ತು. ಬದನವಾಳಿನಲ್ಲಿ ಖಾದಿ ನೂಲುವ ನನ್ನ ಚಿಕ್ಕವ್ವ ಒಂದು ದಾರಿ ಹೇಳಿದಳು. ನಂಜನಗೂಡಿನಲ್ಲಿ ಜನರೇ ಸೇರಿ ನಡೆಸುವ ಒಂದು ಚಿಕಿತ್ಸಾಲಯವಿದೆ, ಗುರುವಾರ ಅಲ್ಲಿ ಹಸುಗೂಸಿನಿಂದ ಹಿಡಿದು ಮುದುಕರ ತನಕ ಎಲ್ಲರಿಗೂ ಅಸಲು ಬೆಲೆಗೇ ಲಸಿಕೆ ಹಾಕುತ್ತಾರೆ ಎಂದು.

ಸೇತುವೆ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಕಾವೇರಿ ಇರಲಿಲ್ಲ, ಬರೀ ಬೆಳ್ಳಗೆ ಇತ್ತು. ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಚಿಕ್ಕ ಮಗಳು, “ಅಜ್ಜಿ, ಒಳೆ ಎಲ್ಲೋಯ್ತು?” ಎಂದಳು. “ಇನ್ನೂ ಮನಗದೆ ಕಣವ್ವ. ನೀ ಕೂಗ್ಬ್ಯಾಡ, ಎದ್ಬುಡ್ತದೆ,” ಎಂದಳು ಅವ್ವ. ಮಗು ನಿಜಕ್ಕೂ ಬಾಯಿ ಮುಚ್ಚಿಕೊಂಡಿತು.

ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ತಿಂದು ನಂಜನಗೂಡಿನ ಬಸ್ಸು ಹತ್ತಿದೆವು. ದೊಡ್ಡವಳಿಗೆ ಅರ್ಧ ಟಿಕೆಟ್, ಚಿಕ್ಕವಳು ಅಜ್ಜಿಯ ತೊಡೆಯ ಮೇಲೆ. ಒಂದೂವರೆ ಗಂಟೆಯ ದಾರಿ. ಸೂಲಂಗಿ ಬಿಟ್ಟ ಕಬ್ಬಿನ ಗದ್ದೆಗಳು ರಸ್ತೆಯ ಎರಡೂ ಕಡೆ ನಿಂತಿದ್ದವು. ಆ ಬೂದುಬಿಳಿ ತೆನೆಗಳು ಬಿಸಿಲು ತಾಗಿದ ಕಡೆ ಬೆಳ್ಳಿಯಾಗುತ್ತಿದ್ದವು, ಮತ್ತೆ ಮಂಜಿನಲ್ಲಿ ಕರಗುತ್ತಿದ್ದವು. ಜೋಂಪು ಹತ್ತಿತು. ಅರೆನಿದ್ದೆಯಲ್ಲಿ ನಮ್ಮ ಬಸ್ಸು ನೀರೊಳಗೇ ಹೋಗುತ್ತಿದೆ, ಕಿಟಕಿಯಾಚೆ ಮೀನುಗಳ ಬದಲು ಎತ್ತುಗಳು ತೇಲುತ್ತಿವೆ ಅನ್ನಿಸಿತು. ಎಚ್ಚರವಾದಾಗ ಮುಂದಿನ ಸೀಟಿನಲ್ಲಿ ಮಂಜುಳನ ಜಡೆ ಮಾತ್ರ ಕಂಡಿತು. ಅವಳು ಒಮ್ಮೆಯೂ ತಿರುಗಿರಲಿಲ್ಲ.

ನಂಜನಗೂಡಿನಲ್ಲಿ ಇಳಿದಾಗ ಬಿಸಿಲು ಬಂದಿತ್ತು. ರಸಬಾಳೆಯ ವಾಸನೆ ಬಸ್ ಸ್ಟ್ಯಾಂಡಿನಲ್ಲೇ ಮೂಗಿಗೆ ಬಡಿಯಿತು. ಚಿಕಿತ್ಸಾಲಯ ಒಂದು ಹೆಂಚಿನ ಮನೆ, ಮುಂದೆ ಉದ್ದ ಜಗಲಿ, ಅಂಗಳದಲ್ಲಿ ಹೊಂಗೆ ಮರ. ಜಗಲಿ ತುಂಬ ಜನ. ಗುದ್ದಲಿ ಏಟು ಬಿದ್ದ ಕಾಲಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಯಜಮಾನ, ತುಂಬು ಬಸುರಿ, ಒಬ್ಬರನ್ನೊಬ್ಬರು ಚಿವುಟಿಕೊಂಡು ನಗುತ್ತಿದ್ದ ಕಾಲೇಜು ಹುಡುಗಿಯರು, ಅಳುವ ಕೂಸುಗಳು. ಒಳಗಿಂದ ಒಂದು ಕೂಸು ಕಿರುಚಿದರೆ ಹೊರಗಿನವೆಲ್ಲ ಶುರು ಮಾಡುತ್ತಿದ್ದವು.

ಯಜಮಾನ ಅವ್ವನನ್ನು ಕೇಳಿದ, “ನೀನೂ ಆಕಿಸ್ಕತೀಯಾ ತಾಯಿ, ಈ ವಯಸ್ನಲ್ಲಿ?”

ಅವ್ವ ಚಿಕ್ಕಂದಿನಲ್ಲಿ ಸಿಡುಬು ಬಾರದಿರಲೆಂದು ತೋಳಿಗೆ ಹಾಕಿದ್ದ ದಾಕಿನ ಗುರುತು ತೋರಿಸಿದಳು. “ನೋಡಿ, ಇದಾದ್ಮೇಲೆ ಇವತ್ತೇಯ. ಮೊಮ್ಮಕ್ಳು ಹೆದರ್ತವೆ ಅಂತ ನಾನೇ ಮೊದ್ಲು.”

ನರ್ಸಮ್ಮ ನಾಲ್ವರ ಬೆರಳಿನಿಂದಲೂ ಒಂದೊಂದು ಹನಿ ರಕ್ತ ತೆಗೆದುಕೊಂಡು ಹೋದರು. ಅದನ್ನು ಒಂದು ಪಟ್ಟಿಯ ಮೇಲೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಗೆರೆ ಮೂಡುತ್ತದಂತೆ. ಒಂದು ಗೆರೆ ಬಂದರೆ ಸೋಂಕಿಲ್ಲ, ಲಸಿಕೆ ಹಾಕಬಹುದು. ಎರಡು ಬಂದರೆ ಈಗಾಗಲೇ ಇದೆ, ಲಸಿಕೆ ಹಾಕಿ ಪ್ರಯೋಜನವಿಲ್ಲ. ಕಾಯುತ್ತ ಕೂತೆ. ಹೊಂಗೆಯ ನೆರಳು ನೆಲದ ಮೇಲೆ ಅಲುಗುತ್ತಿತ್ತು. ಮಕ್ಕಳಿಗೆ ಇರದಿರಲಿ, ಮಂಜುಳನಿಗೆ ಇರದಿರಲಿ ಎಂದು ಮನಸ್ಸು ಅದನ್ನೇ ಸುತ್ತುತ್ತಿತ್ತು.

ಡಾಕ್ಟರಮ್ಮ ನಮ್ಮನ್ನು ಒಟ್ಟಿಗೇ ಒಳಗೆ ಕರೆದರು. ತಲೆ ನರೆತ, ಮೆಲುದನಿಯ ಹೆಂಗಸು. “ಮಕ್ಕಳಿಬ್ಬರಿಗೂ ಇಲ್ಲ. ನಿಮ್ಮ ಹೆಂಡತಿಗೂ ಇಲ್ಲ,” ಎಂದರು. ನಾನು ಚಿಕ್ಕವಳ ತಲೆ ಸವರಿದೆ. ಆಮೇಲೆ ಅವರು ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡರು. “ಅಜ್ಜಿ, ನಿಮ್ಮದರಲ್ಲಿ ಎರಡು ಗೆರೆ ಬಂದಿದೆ.”

“ಅಂಗಂದ್ರೆ?”

“ನಿಮ್ಮ ಮಗನಿಗೆ ಇರೋದೇ ನಿಮಗೂ ಇದೆ. ಬಹಳ ವರ್ಷದಿಂದ ಇದ್ದಿರಬೇಕು. ತಾಯಿಗಿದ್ದರೆ ಹೆರಿಗೆ ಹೊತ್ತಲ್ಲಿ ಮಗುವಿಗೆ ಬರುತ್ತೆ. ಹೆಚ್ಚಾಗಿ ಇವರಿಗೆ ಬಂದಿರೋದು ಹಾಗೇ. ಇದರಲ್ಲಿ ಯಾರದೂ ತಪ್ಪಿಲ್ಲ.”

ಮಂಜುಳ ನನ್ನ ಕಡೆ ತಿರುಗಿದಳು. ಎಷ್ಟೋ ವಾರಗಳ ಮೇಲೆ ಅವಳು ನನ್ನ ಮುಖ ನೋಡಿದಳು. ನನಗೆ ಹಗುರವಾಗಬೇಕಿತ್ತು. ಆದರೆ ಅವ್ವ ತಲೆ ಬಗ್ಗಿಸಿ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಮಂಜುಳನೂ ಮಕ್ಕಳೂ ಸೂಜಿಯ ಸಾಲಿಗೆ ಹೋದರು. ನಾವಿಬ್ಬರು ಹೊಂಗೆಯ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು.

“ನಾನೇ ಕೊಟ್ಬುಟ್ನಾ ಮಗಾ ನಿಂಗೆ?” ಎಂದಳು ಅವ್ವ.

“ಮೂಗು ಕೊಟ್ಟಿದ್ದೀಯ, ಈ ಗುಂಗುರು ಕೂದ್ಲು ಕೊಟ್ಟಿದ್ದೀಯ. ಅದ್ರ ಜತೇಲಿ ಇದೂ ಬಂತು. ಗೊತ್ತಿದ್ದು ಕೊಟ್ಯಾ?” ಎಂದೆ. ಅವಳು ನಗಲಿಲ್ಲ. ನನ್ನ ತಲೆಗೂದಲಲ್ಲಿ ಕೈಯಿಟ್ಟಳು, ಚಿಕ್ಕಂದಿನಲ್ಲಿ ಹೇನು ನೋಡುವಾಗ ಇಡುತ್ತಿದ್ದ ಹಾಗೆ. ಬಹಳ ಹೊತ್ತು ತೆಗೆಯಲಿಲ್ಲ. ಬಿಸಿಲು, ನೆರಳು, ಒಳಗೆ ಅಳುವ ಕೂಸುಗಳು ಎಲ್ಲ ದೂರವಾದವು. ನನಗೆಷ್ಟು ವಯಸ್ಸು ಎನ್ನುವುದೇ ಮರೆತುಹೋಯಿತು.

ಮಂಜುಳ ತೋಳಿಗೆ ಹತ್ತಿ ಒತ್ತಿಕೊಂಡು ಬಂದಳು. ಬೆಂಚಿನಲ್ಲಿ ಜಾಗವಿರಲಿಲ್ಲ, ಅವ್ವನ ಕಾಲ ಬಳಿ ನೆಲದ ಮೇಲೇ ಕೂತಳು. “ಅತ್ತೆ, ನಿಮ್ಗೂ ಅವ್ರಿಗೂ ಆರಾರು ತಿಂಗ್ಳಿಗೆ ತೋರಿಸ್ಬೇಕಂತೆ. ಡಾಕ್ಟ್ರು ಹೇಳವ್ರೆ, ಒಟ್ಗೆ ಉಣ್ಣೋದಕ್ಕೆ ಏನೂ ತೊಂದ್ರೆ ಇಲ್ವಂತೆ. ನಾನು ಕರ್ಕಂಡ್ ಬತ್ತೀನಿ,” ಎಂದಳು. ಸ್ವಲ್ಪ ತಡೆದು, ನನ್ನನ್ನು ನೋಡಿ, “ನಾನು ಒಂದ್ಮಾತು ಕೇಳ್ಬುಡ್ಬೇಕಾಗಿತ್ತು ನಿಮ್ಮನ್ನ,” ಎಂದಳು.

“ಇರ್ಲಿ ಬುಡು,” ಎಂದೆ. ಅಲ್ಲೇ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು.

ಲಸಿಕೆ ಮೂರು ಸಲ ಹಾಕಿಸಬೇಕಿತ್ತು. ಮುಂದಿನ ತಿಂಗಳೂ, ಮತ್ತೆ ಬೇಸಿಗೆ ಕಳೆದ ಮೇಲೂ ಅದೇ ದಾರಿಯಲ್ಲಿ ಹೋಗಿಬಂದೆವು. ಆದರೆ ನೆನಪಿನಲ್ಲಿ ನಿಂತದ್ದು ಆ ಮೊದಲ ದಿನ ಹಿಂದಿರುಗಿದ ಸಂಜೆ.

ಬಸ್ಸು ಊರು ಬಿಟ್ಟಾಗ ಕಪಿಲಾ ಹೊಳೆಯ ಕಡೆಯ ಆಕಾಶವೆಲ್ಲ ಕೆಂಪಾಗಿತ್ತು. ಮಕ್ಕಳಿಬ್ಬರೂ ನೋಯುವ ತೋಳು ಮೇಲೆ ಮಾಡಿಕೊಂಡು ಮಂಜುಳನಿಗೆ ಒರಗಿ ನಿದ್ದೆ ಹೋಗಿದ್ದರು. ಅವ್ವ ನನ್ನ ಪಕ್ಕದಲ್ಲಿ ಕಿಟಕಿಗೆ ಕೂತು, ಹಿಂದೆ ಸರಿಯುವ ಊರನ್ನು ಕತ್ತು ತಿರುಗಿಸಿ ನೋಡುತ್ತಿದ್ದಳು.

“ನಮ್ಮವ್ವಂಗೆ ಹೊಟ್ಟೆ ಊದ್ಕಂಡು, ಕಣ್ಣೆಲ್ಲ ಹಳದಿ ಆಗಿ ಹೋದ್ಳು,” ಎಂದಳು. “ಯಾರೋ ಮಾಟ ಮಾಡ್ಸವ್ರೆ ಅಂದ್ರು. ಇದೇ ಇತ್ತೋ ಏನೋ. ಅವ್ಳಿಗೆ ಅವ್ರವ್ವ ಕೊಟ್ಟಿದ್ಳೋ ಏನೋ.”

ನಾನು ಅವಳ ಕೈ ಹಿಡಿದುಕೊಂಡೆ. ಅವಳು ತಿರುಗಿ, ಮುಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ ಮೊಮ್ಮಕ್ಕಳನ್ನು ನೋಡಿದಳು.

“ಇವಕ್ಕೆ ಬರಲ್ಲ ಅಲ್ವಾ?”

“ಬರಲ್ಲ ಅವ್ವ.”

“ಇವುಗಳ ಮಕ್ಳಿಗೆ?”

“ಅವಕ್ಕೂ ಇವುಗಳಿಂದ ಬರಲ್ಲ.”

ಅವ್ವ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನರಸೀಪುರ ಬರುವ ತನಕ ನಿದ್ದೆ ಮಾಡಿದಳು.