ಮಿಲ್ಟ್ರಿ ಮಾವನಿಗಾಗಿ ನಾನು ಹುಚ್ಚನಾದದ್ದು

ಸೈನ್ಯದಿಂದ ರಿಟೈರಾಗಿ ನಮ್ಮೂರು ಕೈಲಾಂಚಕ್ಕೆ ಬಂದ ಮಿಲ್ಟ್ರಿ ಮಾವನ ರೇಷ್ಮೆ ಹುಳುಮನೆಯಲ್ಲಿ ನನಗೆ ಸೊಪ್ಪು ಹಾಕುವ ಕೆಲಸ. ಸಾವಿರಾರು ಹುಳುಗಳು ಮೇಯುವ ಸರಸರ ಸದ್ದಿಗೆ ನಾನು ನಿಂತಲ್ಲೇ ಎಲ್ಲಿಗೋ ತೇಲಿಹೋಗುತ್ತೇನೆ. ಮಾವನಿಗೆ ಮಾತ್ರ ನಿದ್ದೆಯೇ ಇಲ್ಲ. ಪಟಾಕಿ ಸಿಡಿದರೆ ಹುಳುವಿನ ಸ್ಟ್ಯಾಂಡಿನ ಕೆಳಗೆ ನುಗ್ಗಿಬಿಡುತ್ತಾರೆ.

"ರಾಮನಗರದ ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬತ್ತಾರಂತೆ ಮಾವ."

"ಹುಚ್ಚರ ಸಾಲಲ್ಲಿ ನಾನ್ ನಿಲ್ಲಲ್ಲ ಕಣ್ಲಾ."

"ಆಯ್ತು, ನಾನೇ ಹುಚ್ಚ. ನೀವು ಕರ್ಕೊಂಡ್ ಬಂದೋರು."

ಡಾಕ್ಟ್ರು ಬರುವ ದಿನ ಬೆಳಿಗ್ಗೆ ನಮ್ಮ ಬೈಕು ಮಂಜಿನಲ್ಲಿ ಹೋಯಿತೋ ಮೋಡದ ಮೇಲೆ ಹೋಯಿತೋ, ಬೆಟ್ಟಗಳೂ ತೂಕಡಿಸುತ್ತಿದ್ದವು. ಆಸ್ಪತ್ರೆಯ ಸಾಲಿನಲ್ಲಿ ನಮ್ಮೂರಿನ ಅಜ್ಜಿಯೊಬ್ಬಳು ಸಿಕ್ಕಿ, "ಇವನಿಗೇನಾಯ್ತಪ್ಪಾ?" ಅಂದಳು.

"ತಲೆ ಒಸಿ ಕೆಟ್ಟೈತೆ ಕಣಜ್ಜಿ" ಅಂದರು ಮಾವ. ಅಜ್ಜಿಗೆ ಚೂರೂ ಆಶ್ಚರ್ಯವಾಗಲಿಲ್ಲ.

ಒಳಗೆ ಡಾಕ್ಟರಮ್ಮ ನನ್ನನ್ನು, "ನಿದ್ದೆ ಬರುತ್ತೇನಪ್ಪಾ?" ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಮಾವ, "ಇಲ್ಲ ಮೇಡಂ. ಕಣ್ಮುಚ್ಚುದ್ರೆ ಜೊತೇಲಿದ್ದ ಸಿಪಾಯಿ ಕೂಗ್ತಾನೆ. ಓಡಿ ಹೋಗೋ ಹೊತ್ಗೆ..." ಎಂದರು. ನನ್ನ ಬಾಯಿಗೆ ಬಂದಿದ್ದ ತಮಾಷೆ ಅಲ್ಲೇ ಉಳಿಯಿತು. ಡಾಕ್ಟರಮ್ಮ ಕುರ್ಚಿಯನ್ನು ಮಾವನ ಕಡೆ ತಿರುಗಿಸಿಕೊಂಡು, "ಹುಡುಗ ಹೊರಗಿರಲಿ. ಮಿಕ್ಕಿದ್ದನ್ನ ನಿಧಾನವಾಗಿ ಹೇಳಿ" ಎಂದರು. ಮಾವ ಎದ್ದು ಹೋಗಲಿಲ್ಲ.

ಈಗಲೂ ವಾರವಾರ ಹೋಗುತ್ತೇವೆ. ಮಾವ ಒಸಿ ಒಸಿ ನಿದ್ದೆ ಮಾಡುತ್ತಾರೆ. ಊರಿನವರು ಮಾತ್ರ ನನ್ನನ್ನೇ ಹಿಡಿದು, "ವಾಸಿಯಾಯ್ತೇನ್ಲಾ?" ಅಂತ ಕೇಳುತ್ತಾರೆ. "ಇನ್ನೂ ಇಲ್ಲ" ಅಂತೀನಿ. ನಾನು ಇಷ್ಟು ಬೇಗ ವಾಸಿಯಾಗಿಬಿಟ್ಟರೆ ಮಾವ ಯಾರ ನೆಪದಲ್ಲಿ ಹೋಗಬೇಕು?