ಮುನೀರಾ ಮೇಡಂ ಮತ್ತು ನಾರ್ವೆ ಬೀರು

ಮುನೀರಾ ಮೇಡಂ ಪುಸ್ತಕ ಕೊಡುವಾಗ ಅದರ ಒಂದು ತುದಿಯನ್ನು ತಮ್ಮ ಕೈಯಲ್ಲೇ ಹಿಡಿದಿರುತ್ತಿದ್ದರು. ಇನ್ನೊಂದು ತುದಿ ಹಿಡಿದು ನಾವು ಎಷ್ಟು ಎಳೆದರೂ ಬಿಡುತ್ತಿರಲಿಲ್ಲ. "ಬರೆದೋರ ಹೆಸರು ಆಯ್ತು. ಭಾಷೆ ದಾಟಿಸಿದೋರು ಯಾರು, ಅದನ್ನ ಓದಮ್ಮ," ಎನ್ನುತ್ತಿದ್ದರು. ಒಳಪುಟದ ಸಣ್ಣಕ್ಷರಗಳ ನಡುವೆ ಅನುವಾದಕರ ಹೆಸರನ್ನು ಹುಡುಕಿ ಗಟ್ಟಿಯಾಗಿ ಓದಿದ ಮೇಲಷ್ಟೇ ಪುಸ್ತಕ ನಮ್ಮದು. ಆ ಹೆಸರನ್ನು ಮುಖಪುಟಕ್ಕೆ ಹಾಕದ ಪ್ರಕಾಶಕರನ್ನು ಅವರು ಒಂದು ದಿನವೂ ಕ್ಷಮಿಸಲಿಲ್ಲ. "ಇಡೀ ಮನೆ ಕಟ್ಟಿದೋನನ್ನ ಗೃಹಪ್ರವೇಶದ ದಿನ ಹಿಂದಿನ ಬಾಗಿಲಲ್ಲಿ ಕಳಿಸ್ತಾರೆ ಇವರು," ಎಂದು ಗೊಣಗುತ್ತಿದ್ದರು.

ಅವರು ಶಿಡ್ಲಘಟ್ಟದ ಒಂದು ಖಾಸಗಿ ಕಾಲೇಜಿನ ಗ್ರಂಥಪಾಲಕಿ. ತೆಳ್ಳನೆಯ ಹೆಂಗಸು. ತಲೆಯ ಮೇಲೆ ಸೆರಗು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ತವರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ನಡೆಯುತ್ತಿತ್ತು. ಕುದಿಯುವ ನೀರಿನಿಂದ ಗೂಡಿನ ಎಳೆ ಹಿಡಿದು ಬೆಳೆದ ಬೆರಳುಗಳಾದ್ದರಿಂದಲೋ ಏನೋ, ಹಳೆಯ ಪುಸ್ತಕದ ಅಂಟಿಕೊಂಡ ಹಾಳೆಗಳನ್ನು ಹರಿಯದಂತೆ ಬಿಡಿಸುವುದರಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ.

ಗ್ರಂಥಾಲಯದ ಕಿಟಕಿಯ ಪಕ್ಕ ಹಸಿರು ಬಣ್ಣದ ಕಬ್ಬಿಣದ ಬೀರುವೊಂದಿತ್ತು. ನಾವು ಅದನ್ನು ನಾರ್ವೆ ಬೀರು ಎನ್ನುತ್ತಿದ್ದೆವು. ಹಾಲಿನ ಡೇರಿಯ ಅಧಿಕಾರಿಯೊಬ್ಬರು ಯಾವುದೋ ತರಬೇತಿಗೆ ನಾರ್ವೆಗೆ ಹೋಗಿ, ಬರುವಾಗ ಅಲ್ಲಿಯ ಕಾದಂಬರಿಗಳ ಇಂಗ್ಲಿಷ್ ಅನುವಾದಗಳನ್ನು ಒಂದು ಟ್ರಂಕಿನಲ್ಲಿ ತುಂಬಿಕೊಂಡು ಬಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಅವನ್ನು ಕಾಲೇಜಿಗೆ ಕೊಟ್ಟರು. ಯಾರಿಗೂ ಬೇಡವಾದ ಆ ಪುಸ್ತಕಗಳನ್ನು ಮೇಡಂ ಒಂದೊಂದಾಗಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ವರ್ಷಗಟ್ಟಲೆ ಕೂತು ಓದಿದ್ದರು.

ಯಾವುದು ಮೊದಲು ಓದಬೇಕೆಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಕೊಲೆಯ ಕಥೆಗಳನ್ನು ಮೇಲಿನ ಅರೆಯಲ್ಲಿ ಹಿಂದಕ್ಕೆ ಸರಿಸಿಟ್ಟಿದ್ದರು. "ಅವೂ ಚೆನ್ನಾಗವೆ. ಆದ್ರೆ ಅವನ್ನ ಓದಿದ್ರೆ ಆ ದೇಶದಲ್ಲಿ ಬರೀ ಹೆಣ ಬೀಳ್ತವೆ ಅಂದ್ಕೊಂಡ್ಬಿಡ್ತೀಯ. ಮೊದ್ಲು ಸಣ್ಣವನ್ನ ಓದು. ಹವಾಮಾನದ ಬಗ್ಗೆ ಬರೆದಿರೋದನ್ನ ಹಾರಿಸ್ಬೇಡ, ಕಥೆ ಅಲ್ಲೇ ಇರ್ತದೆ," ಎನ್ನುತ್ತಿದ್ದರು. ಅಲ್ಲಿಯ ಲೇಖಕರು ಸೌದೆ ಸೀಳುವುದನ್ನು, ಮೀನು ಹಸನು ಮಾಡುವುದನ್ನು, ಗಂಡ ಹೆಂಡತಿ ಒಂದು ಮೇಜಿನ ಎದುರುಬದುರು ಸುಮ್ಮನೆ ಕೂರುವುದನ್ನು ಪುಟಗಟ್ಟಲೆ ಬರೆಯುತ್ತಾರೆ. ಕೆಲಸಕ್ಕೆ ಅಷ್ಟು ಮರ್ಯಾದೆ ಕೊಡುವ ಕಾದಂಬರಿಗಳನ್ನು ಬೇರೆಲ್ಲೂ ಕಂಡಿಲ್ಲ ಎಂಬುದು ಅವರ ಅಭಿಪ್ರಾಯ.

ಒಮ್ಮೆ ಇಂಗ್ಲಿಷ್ ಅಧ್ಯಾಪಕರೊಬ್ಬರು ಅನುವಾದದಲ್ಲಿ ಮೂಲದ ರುಚಿ ಹೋಗಿಬಿಡುತ್ತದೆ ಎಂದರು. ಮೇಡಂ ರಿಜಿಸ್ಟರಿನಿಂದ ತಲೆ ಎತ್ತಿದರು. "ನಾನು ಮನೇಲಿ ಉರ್ದು ಆಡ್ತೀನಿ, ಇಲ್ಲಿ ಕನ್ನಡ, ತರಕಾರಿಯವಳ ಹತ್ರ ತೆಲುಗು. ನೀವೂ ಮನೇಲಿ ತೆಲುಗೇ ಅಲ್ವಾ ಸಾರ್? ದಿನಾ ಬೆಳಗ್ಗೆ ಎದ್ದು ಅನುವಾದದಲ್ಲೇ ಬದುಕ್ತೀವಿ. ನಮ್ಮ ಬದುಕಿನ ರುಚಿ ಹೋಗಿದೆಯಾ?" ಅಧ್ಯಾಪಕರು ದಿನಪತ್ರಿಕೆ ತೆಗೆದುಕೊಂಡು ಹೊರಟುಹೋದರು.

ನಾನು ಜಂಗಮಕೋಟೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು. ಮೇಡಂ ನನಗೆ ಕೊಟ್ಟ ಮೊದಲ ಕಾದಂಬರಿ ಒಂದು ದ್ವೀಪದ ಅಕ್ಕ ತಮ್ಮಂದಿರದು. ಅಕ್ಕ ಸಾಕಿದ ಹಸುವನ್ನು ತಮ್ಮ ಅವಳನ್ನು ಕೇಳದೆ ಮಾರಿಬಿಡುತ್ತಾನೆ. ಅಕ್ಕ ಮೂರು ಚಳಿಗಾಲ ಅವನೊಡನೆ ಮಾತು ಬಿಡುತ್ತಾಳೆ. ಆದರೆ ದಿನವೂ ಅವನ ತಟ್ಟೆಗೆ ಊಟ ಬಡಿಸುತ್ತಾಳೆ. ಕಥೆ ಇಷ್ಟೇ. ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮನ ಕೈ ನಿಂತುಹೋಯಿತು.

"ಹಾಲು ಕರೆಯೋಳು ಅವಳು, ಮಾರೋಕೆ ಇವನ್ಯಾರು?" ಎಂದಳು. ಆಮೇಲೆ ಇನ್ನೊಂದು ಹಿಡಿ ಸೊಪ್ಪು ಹಾಕಿ, "ಆ ಹಸು ಏನಾಯ್ತೇ?" ಎಂದಳು.

ಇದನ್ನು ಹೇಳಿದಾಗ ಮೇಡಂ ಎದ್ದು ನಿಂತರು. ಅಮ್ಮನ ಹೆಸರು ಕೇಳಿ, ವೆಂಕಟಲಕ್ಷ್ಮಮ್ಮ ಎಂದು ದುಂಡಗೆ ಬರೆದು ಒಂದು ಗ್ರಂಥಾಲಯದ ಕಾರ್ಡು ಮಾಡಿಕೊಟ್ಟರು. ಕಾಲೇಜಿಗೆ ಸೇರದವರಿಗೆ ಕಾರ್ಡು ಕೊಡುವ ನಿಯಮವಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. "ಕೇಳೋದೂ ಓದೋದೇ ಕಣಮ್ಮ. ನೀನು ಓದಿ ಹೇಳು," ಎಂದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನ ಆಡಳಿತ ಮಂಡಳಿಗೆ ಹೊಸ ಕಾರ್ಯದರ್ಶಿ ಬಂದರು. ಹೊರಗಿನಿಂದ ಯಾವುದೋ ತಪಾಸಣೆಯ ತಂಡ ಬರಲಿದೆ, ಅವರನ್ನು ಕೂರಿಸಲು ಒಳ್ಳೆಯ ಕೋಣೆ ಬೇಕು, ಗ್ರಂಥಾಲಯದ ಕಿಟಕಿ ಪಕ್ಕದ ಜಾಗ ತೆರವಾಗಬೇಕು ಎಂದು ಆದೇಶ ಹೊರಡಿಸಿದರು. ಯಾರೂ ಓದದ ಪುಸ್ತಕಗಳನ್ನು ರದ್ದಿಗೆ ಹಾಕಬೇಕಂತೆ. ಮೇಡಂ ರಿಜಿಸ್ಟರು ಹೊತ್ತುಕೊಂಡು ಹೋಗಿ ನಾರ್ವೆ ಬೀರುವಿನ ಪುಸ್ತಕಗಳೆಲ್ಲ ಓದುಗರ ಕೈಯಲ್ಲಿ ಓಡಾಡುತ್ತಿರುವುದನ್ನು ತೋರಿಸಿದರು. ಕಾರ್ಯದರ್ಶಿ ಅದನ್ನು ನಂಬಲಿಲ್ಲ. ಸುಳ್ಳು ದಾಖಲೆ ಬರೆದಿದ್ದೀರಿ ಎಂದು ಮೆಮೋ ಕೊಟ್ಟರು.

ಓದಿದವರನ್ನು ಕರೆಸಿ ಕೇಳಿ ಎಂದು ಮೇಡಂ ಹಟ ಹಿಡಿದರು. ರಿಜಿಸ್ಟರಿನಲ್ಲಿ ಹೆಸರಿದ್ದ ಎಷ್ಟೋ ಜನ ಪರೀಕ್ಷೆಯ ಅಂಕಗಳಿಗೆ ಹೆದರಿ ಬರಲೇ ಇಲ್ಲ. ನಾವು ಮೂವರು ಹೋದೆವು. ನಾನು ಹಸುವಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಾರ್ಯದರ್ಶಿ ಮೊಬೈಲು ಕೆಳಗಿಟ್ಟು ಕೇಳಿದರು; ನಿಜ ಹೇಳಬೇಕೆಂದರೆ ಆಸಕ್ತಿಯಿಂದಲೇ ಕೇಳಿದರು. ಮುಗಿದ ಮೇಲೆ ಮೇಡಂ ಕಡೆ ತಿರುಗಿ, "ಎಲ್ಲಾ ಸರಿ ಕಣಮ್ಮ. ಈ ಊರಿನ ಮಕ್ಕಳಿಗೆ ನಾರ್ವೆ ಯಾಕೆ?" ಎಂದರು.

"ಈ ಊರಿನ ರೇಷ್ಮೆ ಎಲ್ಲೆಲ್ಲಿಗೋ ಹೋಗ್ತದೆ ಸಾರ್. ಶಿಡ್ಲಘಟ್ಟದ ನೂಲು ನಮಗ್ಯಾಕೆ ಅಂತ ಯಾರಾದ್ರೂ ವಾಪಸ್ ಕಳಿಸಿದಾರಾ?" ಎಂದರು ಮೇಡಂ. ಅವರ ದನಿ ಏರಿರಲಿಲ್ಲ.

ದಸರಾ ರಜೆಯಲ್ಲಿ ಬೀರು ಖಾಲಿಯಾಯಿತು. ರಜೆ ಮುಗಿಸಿ ಬಂದಾಗ ಕಿಟಕಿಯ ಪಕ್ಕ ಕೆಂಪು ಸೋಫಾ, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಮೇಡಂ ರದ್ದಿ ಕಾಗದದ ಗೋದಾಮುಗಳನ್ನೆಲ್ಲ ಸುತ್ತಿದರು, ಚಿಂತಾಮಣಿಯವರೆಗೂ ಹೋಗಿ ಬಂದರು. ಸಿಕ್ಕಿದ್ದು ಎರಡು ಪುಸ್ತಕ, ಅದರಲ್ಲಿ ಒಂದಕ್ಕೆ ಕೊನೆಯ ಪುಟಗಳಿಲ್ಲ. ಮೇಲಿನವರಿಗೆ ದೂರು ಬರೆದರು. ಉತ್ತರವಾಗಿ ಅವರನ್ನು ಗ್ರಂಥಾಲಯದಿಂದ ತೆಗೆದು ಪ್ರವೇಶ ಅರ್ಜಿಗಳ ಕೌಂಟರಿಗೆ ಹಾಕಿದರು. ನಿವೃತ್ತಿಯವರೆಗೂ ಅವರು ಅಲ್ಲಿ ಮಕ್ಕಳ ಫೋಟೋಗಳಿಗೆ ಗೋಂದು ಹಚ್ಚಿದರು. ಅಷ್ಟು ಓದಿದ ಹೆಂಗಸಿಗೆ ಅಷ್ಟು ವರ್ಷ ಗೋಂದು ಹಚ್ಚುವ ಕೆಲಸ. ಇದನ್ನು ಬರೆಯುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಆದರೆ ಆ ಉರಿಯನ್ನು ಅನುಭವಿಸುವ ಹಕ್ಕು ನನಗೆ ಎಷ್ಟಿದೆ ಎಂಬುದನ್ನೂ ಹೇಳಬೇಕು.

ಹೋದ ವರ್ಷ ಅವರನ್ನು ನೋಡಲು ಚಿಂತಾಮಣಿಗೆ ಹೋಗಿದ್ದೆ. ಮಗಳು ಶಬಾನಾಳ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು. ಶಬಾನಾ ಅಡುಗೆ ಮುಗಿಸಿ ದಿನಾ ಅವರಿಗೆ ಓದಿ ಹೇಳುತ್ತಿದ್ದಳು. ನಾನು ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆಂದು ಮೇಡಂಗೆ ಹೆಮ್ಮೆ. ಟೀ ಕುಡಿಯುತ್ತಾ ನಾನು ಏನೇನೋ ಹೇಳುತ್ತಿದ್ದೆ. ಮಾತಿನ ಭರದಲ್ಲಿ, "ನಮ್ಮಲ್ಲೂ ಜಾಗ ಇಲ್ಲ ಮೇಡಂ. ಮೊನ್ನೆ ಹಳೇ ಪುಸ್ತಕ ಎಲ್ಲಾ ತೆಗೆಸಿದ್ವಿ," ಎಂದುಬಿಟ್ಟೆ.

ಅವರು ಲೋಟ ಕೆಳಗಿಟ್ಟರು. "ತೆಗೆಸಿದ್ವಿ ಅಂದ್ರೆ ಯಾರು?"

"ಕಮಿಟಿ ಇತ್ತು ಮೇಡಂ."

"ಕಮಿಟೀಲಿ ನೀನಿದ್ಯಾ?"

"ಇದ್ದೆ."

"ತೆಗೆಸಿದ ಪುಸ್ತಕದ ಪಟ್ಟಿ ಓದಿದ್ಯಾ ಮಂಜುಳಾ?"

"ನೋಡಿದೆ ಮೇಡಂ."

"ನೋಡಿದ್ಯೋ, ಓದಿದ್ಯೋ?"

ಪಟ್ಟಿ ಬಂದ ದಿನ ನನಗೆ ಮೌಲ್ಯಮಾಪನದ ಕೆಲಸವಿತ್ತು. ಗುಮಾಸ್ತರು ಹಾಳೆ ತಿರುಗಿಸಿದ ಹಾಗೆ ನಾನು ಕೆಳಗೆ ಸಹಿ ಹಾಕುತ್ತಾ ಹೋಗಿದ್ದೆ.

ಮೇಡಂ ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿದರು. "ಆ ಕಾರ್ಯದರ್ಶಿ ಮೇಲೆ ನಾನು ವರ್ಷಗಟ್ಟಲೆ ಸಿಟ್ಟು ಇಟ್ಕೊಂಡಿದ್ದೆ," ಎಂದರು. "ಪಾಪ, ಅವನು ಓದಿದೋನಲ್ಲ. ಅವನಿಗೆ ಏನು ಹೋಯ್ತು ಅಂತಾನೇ ಗೊತ್ತಿಲ್ಲ. ನೀನು ಓದಿದೋಳು. ನಿಮ್ಮಮ್ಮಂಗೆ ಕೂತು ಕಥೆ ಹೇಳಿದೋಳು." ಆಮೇಲೆ ಗಡಿಯಾರದ ಕಡೆ ಕೈ ತೋರಿಸಿ, "ಬಸ್ಸಿಗೆ ಹೊತ್ತಾಯ್ತೇನೋ, ಹೊರಡಮ್ಮ," ಎಂದರು. ಮತ್ತೆ ಬಾ ಎನ್ನಲಿಲ್ಲ.

ಮರುದಿನ ಕಚೇರಿಯಿಂದ ಆ ಪಟ್ಟಿಯ ಪ್ರತಿ ತರಿಸಿಕೊಂಡೆ. ಪುಸ್ತಕಗಳು ಆಗಲೇ ರದ್ದಿಯವನ ಟೆಂಪೋ ಹತ್ತಿ ಹೋಗಿದ್ದವು. ಪಾಠವಿಲ್ಲದ ಅವಧಿಗಳಲ್ಲಿ ಕೂತು ಪ್ರತಿಯೊಂದು ಸಾಲನ್ನೂ ಓದಿದೆ. ಕನ್ನಡದವು, ಬಂಗಾಳಿಯಿಂದ ಬಂದವು, ರಷ್ಯನ್ನಿನಿಂದ ಬಂದವು. ಐದನೆಯ ಪುಟದಲ್ಲಿ ಒಂದು ನಾರ್ವೆಯ ಕಾದಂಬರಿಯೂ ಇತ್ತು. ನಮ್ಮ ಕಾಲೇಜಿನಲ್ಲಿ ಅದು ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಸ್ಥಿತಿ ಎಂಬ ಅಂಕಣದಲ್ಲಿ, ಉತ್ತಮ ಎಂದು ಬರೆದಿತ್ತು. ಆ ಪುಟದ ಕೆಳಗೂ ನನ್ನ ಸಹಿ.

ಹೋಗಿ ಹೇಳಬೇಕು ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಫಲಿತಾಂಶ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಶಬಾನಾ ಫೋನ್ ಮಾಡಿ ಅಮ್ಮಿ ಇಲ್ಲ ಎಂದಳು.

ನಾನು ಹೋಗುವ ಹೊತ್ತಿಗೆ ಮಣ್ಣು ಮುಗಿದು, ಬಂದವರೆಲ್ಲ ಹೊರಟುಹೋಗಿದ್ದರು. ಶಬಾನಾ ಬಾಗಿಲ ಬಳಿ ಚಾಪೆ ಸುತ್ತುತ್ತಿದ್ದಳು. ನನ್ನನ್ನು ಕೂರಿಸಿ, ನೀರು ಕೊಟ್ಟು, ತಾನೂ ಎದುರಿಗೆ ಕೂತಳು.

"ಅಮ್ಮಿ ಎರಡು ಮೂರು ಸಲ ಕೇಳಿದ್ರು ಅಕ್ಕ, ಮಂಜುಳಾ ಪಟ್ಟಿ ಓದಿದ್ಲಂತಾ ಅಂತ. ಅದ್ಯಾವ ಪಟ್ಟಿ ಅಂತ ನನಗೆ ಗೊತ್ತಾಗ್ಲಿಲ್ಲ," ಎಂದಳು.

"ಓದಿದೆ," ಎಂದೆ.

"ಏನಿತ್ತು ಅದರಲ್ಲಿ?"

ಅವಳು ಕಾಯುತ್ತಾ ಕೂತಿದ್ದಳು. ನಾನು ನೀರು ಕುಡಿದು, ಲೋಟ ಕೆಳಗಿಟ್ಟು, ಪಟ್ಟಿಯ ಮೊದಲನೆಯ ಪುಟದಿಂದ ಒಂದೊಂದೇ ಪುಸ್ತಕದ ಹೆಸರು ಹೇಳಲು ಶುರುಮಾಡಿದೆ.