ಹೆಸರು ಕೂಗಿದರೆ ಮಾತ್ರ ದಾಳ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾಗಿ ಮೂವತ್ತೊಂದು ವರ್ಷವಾಗುವವರೆಗೂ ನಾನು ನನ್ನ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ‘ಏನ್ರಿ’ ಎಂದರೆ ಅವರು ತಿರುಗುತ್ತಾರೆ, ‘ಇಲ್ನೋಡ್ರಿ’ ಎಂದರೆ ಪೇಪರು ಕೆಳಗಿಡುತ್ತಾರೆ, ಬರೀ ಕಪ್ಪುಬಸಿಯ ಸಪ್ಪಳ ಮಾಡಿದರೆ ಚಹಾ ಆಯಿತೆಂದು ಎದ್ದು ಬರುತ್ತಾರೆ. ಇಷ್ಟರಲ್ಲೇ ಸಂಸಾರ ಸಾಗುವಾಗ ಹೆಸರಿನ ಗೊಡವೆ ಯಾಕೆ ಎಂದುಕೊಂಡಿದ್ದೆ.

ಅವರ ಹೆಸರು ಈರಪ್ಪ. ನೋಡಿ, ಬರೆಯುವುದಕ್ಕೆ ನನಗೇನೂ ಅಡ್ಡಿಯಿಲ್ಲ. ರೇಶನ್ ಕಾರ್ಡಿನ ಅರ್ಜಿಯಲ್ಲಿ ಎಷ್ಟು ಸಲ ಬರೆದಿಲ್ಲ! ನಾಲಿಗೆಯ ಮೇಲೆ ತರುವುದೇ ಕಷ್ಟ. ನಮ್ಮ ಕಡೆ ಉಳ್ಳಾಗಡ್ಡಿ ಎನ್ನುವುದು ನನ್ನ ಪುಣ್ಯ. ಬೆಂಗಳೂರಿನ ಕಡೆಯವರ ಹಾಗೆ ಈರುಳ್ಳಿ ಎನ್ನಬೇಕಾಗಿದ್ದರೆ ಗಂಡನ ಅರ್ಧ ಹೆಸರು ಹೇಳದೆ ಪಲ್ಯವನ್ನೇ ಮಾಡಲಾಗುತ್ತಿರಲಿಲ್ಲ. ನಮ್ಮ ಅತ್ತೆಗೆ ಈ ಪುಣ್ಯವೂ ಇರಲಿಲ್ಲ. ಮಾವನವರ ಹೆಸರು ಸೋಮಪ್ಪ. ಹೀಗಾಗಿ ಅತ್ತೆ ಕೊನೆಯವರೆಗೂ ಸೋಮವಾರಕ್ಕೆ ‘ಐತವಾರದ ಮರುದಿನ’ ಎಂದೇ ಅನ್ನುತ್ತಿದ್ದರು.

ಹೆಸರು ಹೇಳಲು ನಮ್ಮ ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ದಾರಿ, ಒಡಪು. ಪ್ರಾಸ ಹಚ್ಚಿದ ಎರಡು ಸಾಲಿನೊಳಗೆ ಹುದುಗಿಸಿ ಹೇಳಿದರೆ ಹೆಸರಿಗೂ ದೋಷವಿಲ್ಲ, ಹೇಳಿದ ಬಾಯಿಗೂ ದೋಷವಿಲ್ಲ. ಸಿರಸಂಗಿಯಿಂದ ಮದುಮಗಳಾಗಿ ಬೈಲಹೊಂಗಲದ ಈ ಮನೆಗೆ ಬಂದ ದಿನ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತಳು. “ಹೆಸರ ಹೇಳು, ಆಮ್ಯಾಲೆ ಒಳಗ ಬಾ,” ಎಂದಳು. ವಾರಗಟ್ಟಲೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: “ಸಿರಸಂಗಿ ಕಾಳವ್ವಗ ಹಸರ ಸೀರಿ ಉಡಿಸೇನಿ, ಈರಪ್ಪನವರ ಹೆಸರ ಹೇಳಿ ಹೊಸ್ತಿಲಾ ದಾಟೇನಿ.” ಆಮೇಲೆ ಬಸುರಿಯಾದಾಗ ಕುಬಸದ ದಿನ ಆರತಿ ಮುಂದೆ ಇನ್ನೊಂದು ಹೇಳಿದೆ. ಅಲ್ಲಿಗೆ ಮುಗಿಯಿತು.

ಅವರನ್ನು ಹೆಸರಿನಿಂದ ಕರೆಯುವವರು ಒಬ್ಬರೇ ಇದ್ದರು, ಅತ್ತೆ. ಇವರು ಸಾಲಿ ಕಲಿಸಿದವರಾದ್ದರಿಂದ ಊರಿಗೆಲ್ಲ ‘ಸರ್’, ಓಣಿಗೆ ‘ಮಾಸ್ತರ’, ಮಗಳಿಗೆ ‘ಅಪ್ಪಾ’. ಅತ್ತೆ ಮಾತ್ರ ಹಿತ್ತಲ ಬಾಗಿಲಲ್ಲಿ ನಿಂತು “ಏ ಈರಪ್ಪಾ, ರೊಟ್ಟಿ ಆರತಾವ, ಬಾರೋ” ಎಂದು ಕೂಗುವರು. ಅರವತ್ತು ದಾಟಿದ ಹೆಡ್ ಮಾಸ್ತರರು ಗೋಲಿ ಆಟ ಬಿಟ್ಟು ಬಂದವರ ಹಾಗೆ ಓಡಿ ಬರುವರು.

ಹೋದ ವರ್ಷ ಅತ್ತೆ ತೀರಿಕೊಂಡರು. ಎರಡು ತಿಂಗಳ ಮೇಲೆ ನಾವು ಕಣ್ಣಿನ ದವಾಖಾನೆಗೆ ಹೋಗಿದ್ದೆವು. ಕಂಪೌಂಡರ್ “ಈರಪ್ಪ ಯಾರ್ರಿ?” ಎಂದು ಮೂರು ಸಲ ಕೂಗಿದ. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೇ ಇದ್ದರು. ಮೊಣಕೈಯಿಂದ ತಿವಿದ ಮೇಲೆ ಎದ್ದರು. ಬಸ್ಸಿನಲ್ಲಿ ಬರುವಾಗ ಹೇಳಿದರು: “ಅವ್ವ ಹ್ವಾದಮ್ಯಾಲೆ ಯಾರೂ ಕರದಿಲ್ಲ ನೋಡು. ನನ್ನ ಹೆಸರು ನನಗಽ ಮರತಂಗ ಆಗೇತಿ.” ‘ನೀನಾದರೂ ಕರಿ’ ಎಂದು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂಬುದೇ ನನಗೆ ಸಂಕಟವಾಯಿತು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಒಂದೆರಡು ಸಲ ಅಭ್ಯಾಸ ಮಾಡಿ ನೋಡಿದೆ. ‘ಈ’ ಎನ್ನುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು, ನಾನು ಕಳ್ಳತನ ಮಾಡಿದವಳ ಹಾಗೆ ಸುಮ್ಮನಾದೆ.

ಹೀಗಿರುವಾಗ ಮಗಳು ವಿದ್ಯಾ ರಜೆಗೆಂದು ಧಾರವಾಡದಿಂದ ಬರುತ್ತ ಒಂದು ಆಟದ ಡಬ್ಬಿ ತಂದಳು. ಮೊದಲು ಅದು ವಿಡಿಯೊ ಗೇಮ್ ಆಗಿತ್ತಂತೆ. ಈಗ ಕಂಪ್ಯೂಟರಿನಿಂದ ಹೊರಗೆಳೆದು ರಟ್ಟು, ದಾಳ ಕೊಟ್ಟು ಕೂರಿಸಿದ್ದಾರಂತೆ. ನಡುವೆ ಅಲ್ಲಲ್ಲಿ ತೂತು ಬಿದ್ದ ಹಡಗಿನ ಚಿತ್ರ. ಆಡುವವರೆಲ್ಲ ಒಂದೇ ಪಕ್ಷ, ಎದುರಾಳಿ ಎಂದರೆ ಒಂದು ಪುಟ್ಟ ಮರಳಿನ ಗಡಿಯಾರ. ಮರಳು ಇಳಿಯುವುದರೊಳಗೆ ಎಲ್ಲರೂ ಒಟ್ಟಿಗೇ ದಾಳ ಉರುಳಿಸಿ, ಆಯಾ ತೂತಿಗೆ ಬರೆದಷ್ಟೇ ಬಿದ್ದ ದಾಳ ಇಟ್ಟು ಎಲ್ಲವನ್ನೂ ಮುಚ್ಚಬೇಕು.

ನಾನು ಕವಡೆ ಆಟದವಳು. ಸಿರಸಂಗಿಯ ನಮ್ಮ ಪಡಸಾಲೆಯ ಹಾಸುಗಲ್ಲಿನ ಮೇಲೆ ಸುಣ್ಣದಲ್ಲಿ ಮನೆ ಬರೆದು ಆಡುತ್ತಿದ್ದೆವು. ಒಬ್ಬರು ಎಸೆದು ಮುಂದಿನವರು ಎಸೆಯುವುದರೊಳಗೆ ಒಂದು ಬೊಗಸೆ ಶೇಂಗಾ ಸುಲಿದು ತಿನ್ನಬಹುದಿತ್ತು. ಅಕ್ಕನ ಕಾಯಿ ಕಡಿದರೆ ಅವಳ ಸಿಟ್ಟು ಊಟದವರೆಗೂ ಇಳಿಯುತ್ತಿರಲಿಲ್ಲ. ಆ ಪಡಸಾಲೆ, ಆ ಪುರುಸೊತ್ತು ನೆನಪಾದರೆ ಈಗಲೂ ಬಾಯಲ್ಲಿ ಶೇಂಗಾದ ರುಚಿ. ಇಲ್ಲಿ ಕಡಿಯುವುದಕ್ಕೆ ಯಾರೂ ಇಲ್ಲ, ಕಾಯುವುದಕ್ಕೆ ಪುರುಸೊತ್ತೂ ಇಲ್ಲ.

ಆಟಕ್ಕೆ ಇನ್ನೊಂದು ನಿಯಮ. ಬೇರೆಯವರ ಕೈಯಲ್ಲಿರುವ ದಾಳ ಬೇಕಾದರೆ ಅವರ ಹೆಸರು ಕೂಗಿಯೇ ಕೇಳಬೇಕು. “‘ಏನ್ರಿ’ ನಡಿಯೂದಿಲ್ಲವ್ವಾ,” ಎಂದು ವಿದ್ಯಾ ಮೊದಲೇ ಹೇಳಿದಳು.

ನನ್ನ ತೂತಿಗೆ ಆರು ಬೇಕಿತ್ತು. ಆರು ಬಿದ್ದ ದಾಳ ಇವರ ಕೈಯಲ್ಲಿತ್ತು. “ಏನ್ರಿ, ಆರು!” ಎಂದೆ. ಕೊಡಲಿಲ್ಲ. “ವಿದ್ಯಾನ ಅಪ್ಪಾರ!” ಎಂದೆ. “ಅದು ಹೆಸರಲ್ಲ,” ಎಂದಳು ವಿದ್ಯಾ. ಗಾಬರಿಯಲ್ಲಿ ನಾಲಿಗೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿಯಿತು: “ಸಿರಸಂಗಿ ಕಾಳವ್ವಗ ಹಸರ ಸೀರಿ ಉಡಿಸೇನಿ…” ಸೀರೆ ಉಡಿಸಿ ಮುಗಿಯುವುದರೊಳಗೆ ಮರಳು ಇಳಿದು ಹಡಗು ಮುಳುಗಿತ್ತು. ವಿದ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರೂ ನಕ್ಕರು. ಆದರೆ ಆ ಆರನ್ನು ನನ್ನ ಕಡೆಗೆ ಚಾಚಿ ಹಿಡಿದೇ ಇದ್ದರು, ಅದನ್ನು ನಾನು ನೋಡಿದೆ.

ಎರಡನೇ ಆಟದಲ್ಲಿ ಉಳಿದದ್ದು ಒಂದೇ ತೂತು, ಒಂದು ಚಿಟಿಕೆ ಮರಳು. ಮತ್ತೆ ಇವರ ಕೈಯಲ್ಲೇ ಆರು.

“ಏ ಈರಪ್ಪಾ, ಆರು ಕೊಡೋ!”

ಅವಸರದಲ್ಲಿ ‘ರಿ’ ಕೂಡ ಉಳಿದಿರಲಿಲ್ಲ. ದನಿ ಸಹ ನನ್ನದಲ್ಲ, ಅತ್ತೆಯದೇ. ಇವರು ತಟ್ಟನೆ ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ದಾಳ ಬೆರಳಲ್ಲೇ ಉಳಿಯಿತು. “ಅಪ್ಪಾ, ಕೊಡಽ!” ಎಂದು ವಿದ್ಯಾ ಚೀರಿದಳು. ಮರಳು ಮುಗಿಯಿತು, ಹಡಗು ಮತ್ತೆ ಮುಳುಗಿತು.

“ಕೇಳಸಲಿಲ್ಲೇನ್ರಿ?” ಎಂದೆ, ನಾಚಿಕೆ ಮುಚ್ಚಿಕೊಳ್ಳಲು ಸಿಟ್ಟು ಮಾಡಿ.

“ಕೇಳಸ್ತು,” ಎಂದರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. “ಕೊಟ್ಟಿದ್ರ ಇನ್ನೊಮ್ಮೆ ಕರೀತಿದ್ದೇನು?”

ಅಂದು ನಾವು ಏಳು ಸಲ ಮುಳುಗಿದೆವು. ಆಟದ ಹೊರಗೆ ಈಗಲೂ ‘ಏನ್ರಿ’ಯೇ ನಡೆದಿದೆ, ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಊಟದ ಹೊತ್ತಿಗೆ ಮಾತ್ರ ಹಿತ್ತಲ ಬಾಗಿಲಲ್ಲಿ ನಿಂತು ಹೆಸರು ಹಿಡಿದೇ ಕೂಗುತ್ತೇನೆ. ಏನು ಮಾಡುವುದು, ಒಡಪು ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ಆರಿಬಿಡುತ್ತವೆ.